ಕಾಣದ ಹುಲಿಯ ಲೆಕ್ಕ

ಜನವರಿಯ ನಸುಕಿನಲ್ಲಿ ಹುಣಸೂರಿನಿಂದ ವೀರನಹೊಸಹಳ್ಳಿ ಕಡೆಗೆ ಹೊರಟರೆ ರಸ್ತೆಯ ಎರಡೂ ಬದಿಯ ಹೊಲಗಳ ಮೇಲೆ ಮಂಜು ಇನ್ನೂ ಕರಗಿರುವುದಿಲ್ಲ. ರಾಗಿ ಕೊಯ್ದು ಮೆದೆ ಒಟ್ಟಿದ ಕಣಗಳು, ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ಕರಿ ಹಿಡಿದ ಗೋಡೆಗಳು, ಹರಾಜು ಮಾರುಕಟ್ಟೆಗೆ ಹೋಗಲು ಬೇಲುಗಳನ್ನು ಹೇರಿಕೊಂಡು ಮನೆ ಮುಂದೆ ನಿಂತ ಟ್ರ್ಯಾಕ್ಟರುಗಳು. ಊರು ಮುಗಿದಲ್ಲಿ ಆನೆ ಕಂದಕ, ಅಲ್ಲಲ್ಲಿ ಹಳೆಯ ರೈಲು ಕಂಬಿಗಳನ್ನು ನೆಟ್ಟು ಮಾಡಿದ ಬೇಲಿ, ಆಮೇಲೆ ನಾಗರಹೊಳೆ ಕಾಡಿಗೆ ಅರಣ್ಯ ಇಲಾಖೆಯ ಗೇಟು. ಗೇಟು ದಾಟಿದೊಡನೆ ಚಳಿಯೇ ಬೇರೆ. ಮತ್ತಿ, ತೇಗ, ಹೊನ್ನೆ ಮರಗಳ ಕೆಳಗೆ ನಿಂತ ಗಾಳಿಯಲ್ಲಿ ಒದ್ದೆ ಎಲೆಯ, ಆನೆ ಲದ್ದಿಯ ವಾಸನೆ.

ಬೆಳಕು ಹರಿಯುವ ಹೊತ್ತಿಗೆ ಲೈನಿನ ಬಾಯಲ್ಲಿ ಮೂವರು ನಿಂತಿರುತ್ತಾರೆ. ಮುಂದೆ ಹಾಡಿಯ ಜೇನುಕುರುಬ ವಾಚರು, ಸೊಂಟದಲ್ಲಿ ಕತ್ತಿ. ಅವರ ಹಿಂದೆ ಕೊರಳಿಗೆ ಕಂಪಾಸ್ ತೂಗುಹಾಕಿಕೊಂಡ ಸಂಶೋಧಕಿ. ಕೊನೆಯಲ್ಲಿ ರೇಂಜ್ ಫೈಂಡರ್ ಹಿಡಿದ ಸ್ವಯಂಸೇವಕ, ಮೈಸೂರಿನ ಕಾಲೇಜು ಹುಡುಗ. ಲೈನು ಅಂದರೆ ಕಾಡಿನೊಳಗೆ ಕಂಪಾಸ್ ಇಟ್ಟು ನೇರಕ್ಕೆ ಸವರಿದ, ಒಬ್ಬರ ಹಿಂದೊಬ್ಬರು ನಡೆಯುವಷ್ಟು ಅಗಲದ, ಎರಡು ಮೂರು ಕಿಲೋಮೀಟರ್ ಉದ್ದದ ದಾರಿ. ಕಾಲಿಗೆ ಸಿಕ್ಕಿ ಚರಗುಡಬಾರದೆಂದು ತರಗೆಲೆಯನ್ನು ಮೊದಲೇ ಗುಡಿಸಿರುತ್ತಾರೆ. ಮಾತಿಲ್ಲ, ಕೆಮ್ಮಿಲ್ಲ, ನಡಿಗೆ ನಿಧಾನ. ಬಣ್ಣದ ಬಟ್ಟೆಯನ್ನು ಯಾರೂ ಉಟ್ಟಿಲ್ಲ.

ವಾಚರು ತಟ್ಟನೆ ನಿಂತು ಕೈ ಎತ್ತುತ್ತಾರೆ.

"ಮೇಡಂ, ಎಡಕ್ಕೆ ನೋಡಿ. ಆ ಮತ್ತಿ ಮರದ ಬುಡ್ದಲ್ಲಿ ಅವೆ."

"ಎಷ್ಟವೆ ಅಣ್ಣ?"

"ಏಳು. ತಾಳಿ… ಹಿಂದ್ಗಡೆ ಮರಿ ಒಂದೈತೆ. ಎಂಟು."

ಹುಡುಗ ರೇಂಜ್ ಫೈಂಡರ್ ಕಣ್ಣಿಗಿಟ್ಟು ಒತ್ತುತ್ತಾನೆ: 42 ಮೀಟರ್. ಸಂಶೋಧಕಿ ಕಂಪಾಸ್ ನೋಡಿ ಕೋನ ಬರೆದುಕೊಳ್ಳುತ್ತಾರೆ: ಲೈನಿನ ದಿಕ್ಕಿಗೂ ಜಿಂಕೆಗಳ ದಿಕ್ಕಿಗೂ ನಡುವೆ 30 ಡಿಗ್ರಿ. ಹೈಸ್ಕೂಲಿನ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. 30 ಡಿಗ್ರಿಯ ಸೈನ್ ಅರ್ಧ. ಹಾಗಾಗಿ ಲೈನಿನಿಂದ ಈ ಗುಂಪು ನೇರ ಪಕ್ಕಕ್ಕೆ 21 ಮೀಟರ್ ದೂರದಲ್ಲಿದೆ. ಹಾಳೆಯಲ್ಲಿ ಒಂದು ಸಾಲು: ಸಮಯ, ಪ್ರಾಣಿ, ಸಂಖ್ಯೆ, ದೂರ, ಕೋನ. ಮತ್ತೆ ನಡಿಗೆ.

ನೋಡುವವರಿಗೆ ಇಷ್ಟೆಲ್ಲ ಯಾಕೆ ಅನ್ನಿಸುತ್ತದೆ. ಎಂಟು ಜಿಂಕೆ ಕಂಡವು, ಎಂಟು ಎಂದು ಬರೆದರಾಯಿತಲ್ಲ? ಆಗುವುದಿಲ್ಲ. ಹಡ್ಲಿನ ಬಯಲಲ್ಲಿ ನಲವತ್ತು ಜಿಂಕೆ ಕಣ್ಣಿಗೆ ಬೀಳುತ್ತವೆ. ಲಂಟಾನ ಕವಿದ ಕಡೆ ಹತ್ತು ಕಂಡರೆ ಹೆಚ್ಚು. ಲಂಟಾನದ ಕಡೆ ಕಡಿಮೆಯಾದದ್ದು ಜಿಂಕೆಯೋ, ನಮ್ಮ ನೋಟವೋ? ಕಂಡ ಸಂಖ್ಯೆಯನ್ನು ಎಷ್ಟು ಸಲ ಕೂಡಿದರೂ ಈ ಪ್ರಶ್ನೆಗೆ ಉತ್ತರ ಸಿಗದು. ದೂರವನ್ನು ಅಳೆದರೆ ಸಿಗುತ್ತದೆ. ಲೈನಿನ ಮೇಲೆಯೇ ಇರುವ ಪ್ರಾಣಿ ತಪ್ಪದೆ ಕಾಣುತ್ತದೆ. ಹತ್ತು ಮೀಟರ್ ಆಚೆಯದು ಬಹುಪಾಲು ಕಾಣುತ್ತದೆ, ಐವತ್ತು ಮೀಟರ್ ಆಚೆಯದು ಅಪರೂಪಕ್ಕೆ. ನೂರಾರು ಸಾಲುಗಳನ್ನು ದೂರದ ಪ್ರಕಾರ ಜೋಡಿಸಿದಾಗ ಈ ಇಳಿತ ಒಂದು ವಕ್ರರೇಖೆಯಾಗಿ ನಿಲ್ಲುತ್ತದೆ. ರೇಖೆ ಎಷ್ಟು ಬೇಗ ಇಳಿಯಿತು ಎಂಬುದರಿಂದ ನಮ್ಮ ಕಣ್ಣು ತಪ್ಪಿಸಿಕೊಂಡ ಪಾಲು ಎಷ್ಟೆಂದು ಲೆಕ್ಕ ಹಾಕಬಹುದು. ವಿಜ್ಞಾನಿಗಳು ಮಾದರಿ ಎನ್ನುವುದು ಈ ರೇಖೆಯನ್ನೇ.

ಮಾದರಿಗೆ ಷರತ್ತುಗಳಿವೆ. ನಾವು ಕಾಣುವ ಮೊದಲೇ ಪ್ರಾಣಿ ನಮ್ಮನ್ನು ಕಂಡು ಸರಿದುಬಿಟ್ಟಿರಬಾರದು ಎಂಬುದು ಅವುಗಳಲ್ಲೊಂದು. ಸರಿದಿದ್ದರೆ ಅಳೆದ ದೂರ ಸುಳ್ಳಾಗುತ್ತದೆ, ಅದರಿಂದ ಬಂದ ಲೆಕ್ಕವೂ ಸುಳ್ಳು. ತರಗೆಲೆ ಗುಡಿಸಿದ್ದು, ಪಿಸುಮಾತು, ಮಣ್ಣು ಬಣ್ಣದ ಅಂಗಿ, ಎಲ್ಲ ಇದಕ್ಕಾಗಿ. ಗಣಿತದ ಒಂದು ಷರತ್ತನ್ನು ಮೂರು ಜನ ತಮ್ಮ ಪಾದದಲ್ಲಿ ಪಾಲಿಸುತ್ತಿರುವ ನೋಟ ನನಗೆ ಬಹಳ ಪ್ರಿಯವಾದದ್ದು. ಲೆಕ್ಕ ಹಾಕುವ ಬೆಂಗಳೂರಿನ ಕಂಪ್ಯೂಟರ್ ಎಷ್ಟೇ ದೊಡ್ಡದಿರಲಿ, ಇಲ್ಲಿ ಒಬ್ಬರು ಕಾಲೆಡವಿದರೆ ಅದಕ್ಕೆ ಸರಿಪಡಿಸಲಾಗದು.

ಹೀಗೆ ನಡೆದು ನಡೆದು ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ 1992ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನಾಗರಹೊಳೆಯ ಒಂದು ಚದರ ಕಿಲೋಮೀಟರ್‌ನಲ್ಲಿ ಸುಮಾರು ಐವತ್ತು ಜಿಂಕೆ, ಒಂಬತ್ತು ಹತ್ತು ಕಾಟಿ, ಐದಾರು ಕಡವೆ. ಪ್ರಪಂಚದ ಉಷ್ಣವಲಯದ ಕಾಡುಗಳಲ್ಲಿ ಇಷ್ಟು ತುಂಬಿದ ಮೇವಿನ ಪ್ರಾಣಿಗಳು ಅಪರೂಪ. ಅದಕ್ಕೂ ಮುಂಚಿನ ವರ್ಷಗಳಲ್ಲಿ ಕೆ.ಎಂ. ಚಿಣ್ಣಪ್ಪನವರಂಥ ರೇಂಜರ್ ಬೇಟೆಯವರ ಕೋವಿಗೆ ಎದೆಯೊಡ್ಡಿ ನಿಂತಿರದಿದ್ದರೆ ಎಣಿಸಲು ಇಷ್ಟು ಉಳಿದಿರುತ್ತಿರಲಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

ಈ ಕಾಡಂಚಿನ ಜನಕ್ಕೆ ಅಳತೆ ಹೊಸದಲ್ಲ. ಎಚ್.ಡಿ. ಕೋಟೆಯವರು ಮಳೆಗಾಲದಲ್ಲಿ ಬೆಳಗೆದ್ದು ಪತ್ರಿಕೆಯಲ್ಲಿ ಮೊದಲು ಹುಡುಕುವುದು ಕಬಿನಿ ಜಲಾಶಯದ ಮಟ್ಟ. ತುಂಬಿ 2,284 ಅಡಿ ಮುಟ್ಟಿತೇ ಇಲ್ಲವೇ. ದಸರೆಗೆ ಮುನ್ನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಮೈಸೂರು ಸೇರಿದ ಆನೆಗಳು ಧನ್ವಂತರಿ ರಸ್ತೆಯ ವೇಬ್ರಿಡ್ಜ್ ಮೇಲೆ ನಿಲ್ಲುತ್ತವೆ. ಐದು ಸಾವಿರ ಕಿಲೋ ದಾಟಿದ ಅಂಬಾರಿ ಆನೆಯ ತೂಕ ಮರುದಿನ ಊರಿಗೆಲ್ಲ ಬಾಯಿಪಾಠ. ಆನೆಯ ಎತ್ತರ ತಿಳಿಯಬೇಕಾದರೆ ಮುಂಗಾಲಿನ ಪಾದದ ಸುತ್ತ ಹಗ್ಗ ಹಾಯಿಸಿ, ಆ ಅಳತೆಯನ್ನು ಎರಡರಿಂದ ಗುಣಿಸುವುದು ಹಳೆಯ ಪದ್ಧತಿ. ನಿಂತ ಆನೆ ಬೇಕಿಲ್ಲ, ಒದ್ದೆ ಮಣ್ಣಿನ ಮೇಲೆ ದುಂಡಗೆ ಮೂಡಿದ ಹೆಜ್ಜೆ ಸಾಕು. ಭುಜದ ಎತ್ತರ ಹತ್ತಿರಹತ್ತಿರ ಸರಿಯಾಗಿಯೇ ಬರುತ್ತದೆ. ಅದೂ ಮಾದರಿಯೇ. ಎಷ್ಟೋ ಆನೆಗಳ ಮೇಲೆ ಪರೀಕ್ಷೆಯಾಗಿ ಗೆದ್ದ ಮಾದರಿ.

ಹೆಜ್ಜೆಯಿಂದ ಆನೆಯ ಎತ್ತರ ಸಿಗುವುದಾದರೆ ಹೆಜ್ಜೆಯಿಂದ ಹುಲಿಯ ಗುರುತು ಯಾಕೆ ಸಿಗಬಾರದು? 1966ರಲ್ಲಿ ಒಡಿಶಾದ ಸಿಮ್ಲಿಪಾಲದಲ್ಲಿ ಎಸ್.ಆರ್. ಚೌಧರಿ ಎಂಬ ಅರಣ್ಯಾಧಿಕಾರಿ ಈ ಯೋಚನೆಯಿಂದಲೇ ಹುಲಿ ಗಣತಿಯ ಒಂದು ಕ್ರಮ ರೂಪಿಸಿದರು. 1972ರ ಅಖಿಲ ಭಾರತ ಗಣತಿಯಿಂದ ಮುಂದೆ ಮೂರು ದಶಕ ದೇಶವೆಲ್ಲ ಅದನ್ನೇ ಅನುಸರಿಸಿತು. ಆ ದಿನಗಳ ಗಣತಿಯನ್ನು ಕಂಡ ಹಿರಿಯ ಗಾರ್ಡುಗಳು ಈಗಲೂ ಅದನ್ನು ಬಣ್ಣಿಸುತ್ತಾರೆ: ಬೇಸಿಗೆಯ ವಾರವೊಂದರಲ್ಲಿ ಇಲಾಖೆಯವರೆಲ್ಲ ಒಟ್ಟಿಗೇ ಕಾಡಿಗಿಳಿಯುವುದು, ದಾರಿಯ ಧೂಳಿನಲ್ಲಿ ಹಿಂದಿನ ಎಡಗಾಲಿನ ಹೆಜ್ಜೆ ಹುಡುಕುವುದು, ಅದರ ಮೇಲೆ ಗಾಜು ಹಿಡಿದು ಪೆನ್ನಿನಲ್ಲಿ ಅಂಚು ತಿದ್ದುವುದು, ಪ್ಲಾಸ್ಟರ್ ಸುರಿದು ಅಚ್ಚು ತೆಗೆಯುವುದು. ಆಮೇಲೆ ಕಚೇರಿಯ ಮೇಜಿನ ಮೇಲೆ ಅಚ್ಚುಗಳನ್ನು ಹರಡಿ ಇದು ಒಂದು ಹುಲಿ, ಇದು ಇನ್ನೊಂದು ಎಂದು ಬೇರ್ಪಡಿಸುವುದು. ಅವರು ಪಟ್ಟ ಶ್ರಮ ಸಣ್ಣದಲ್ಲ. ಬಿಸಿಲಲ್ಲಿ, ಆನೆ ಭಯದಲ್ಲಿ, ಪ್ರಾಮಾಣಿಕವಾಗಿ ಮಾಡಿದ ಕೆಲಸ ಅದು.

ಆದರೆ ಅಳತೆಯ ಬುಡದಲ್ಲೇ ತೊಂದರೆಯಿತ್ತು. ಒಂದೇ ಹುಲಿಯ ಒಂದೇ ಕಾಲು ನುಣುಪಾದ ಧೂಳಿನಲ್ಲಿ ಒಂದು ಅಗಲ, ಹಸಿ ಮಣ್ಣಿನಲ್ಲಿ ಇನ್ನೊಂದು ಅಗಲ, ಓಡುವಾಗ ಮತ್ತೊಂದು. ಗಾಜಿನ ಮೇಲೆ ತಿದ್ದುವ ಕೈ ಬದಲಾದರೂ ಆಕಾರ ಬದಲಾಗುತ್ತದೆ. ಕಾರಂತರು 1987ರಲ್ಲಿ ಪ್ರಕಟಿಸಿದ ವಿಮರ್ಶೆಗೆ ಆಧಾರವಾಗಿ ಒಂದು ಸರಳ ಪರೀಕ್ಷೆ ಮಾಡಿದ್ದರು. ಮೃಗಾಲಯದ ಕೆಲವೇ ಹುಲಿಗಳ ಹೆಜ್ಜೆಗಳ ಹಲವು ಪ್ರತಿಗಳನ್ನು ಅನುಭವಿ ಅಧಿಕಾರಿಗಳ ಮುಂದಿಟ್ಟು ಒಟ್ಟು ಎಷ್ಟು ಹುಲಿ ಎಂದು ಕೇಳಿದರು. ಸರಿಯುತ್ತರ ಯಾರಿಂದಲೂ ಬರಲಿಲ್ಲ. ಇದ್ದದ್ದಕ್ಕಿಂತ ಎಷ್ಟೋ ಹೆಚ್ಚು ಹುಲಿ ಹೇಳಿದರು. ಉತ್ತರ ಮೊದಲೇ ಗೊತ್ತಿರುವ ಕಡೆ ಒಂದು ವಿಧಾನವನ್ನು ಒರೆಗೆ ಹಚ್ಚಿ ನೋಡುವುದು ಎಂಥ ಮೂಲಭೂತ ಕೆಲಸ! ಅದನ್ನು ಇಡೀ ದೇಶ ಅಷ್ಟು ವರ್ಷ ಮಾಡಿರಲಿಲ್ಲ. ಅದರ ಬೆಲೆಯನ್ನು ರಾಜಸ್ಥಾನದ ಸರಿಸ್ಕಾ ತೆತ್ತಿತು. ಕಾಗದದ ಮೇಲೆ ಹುಲಿಗಳಿದ್ದವು. 2005ರ ಹೊತ್ತಿಗೆ ಕಾಡಿನಲ್ಲಿ ಒಂದೂ ಇರಲಿಲ್ಲ.

ಕಾರಂತರು ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿದವರು, ಶಿವರಾಮ ಕಾರಂತರ ಮಗ. 1990ರಲ್ಲಿ ಸನ್‌ಕ್ವಿಸ್ಟ್ ಜೊತೆಗೂಡಿ ನಾಗರಹೊಳೆಯ ಹುಲಿಗಳಿಗೆ ರೇಡಿಯೊ ಕಾಲರ್ ತೊಡಿಸಿದರು. ಆ ಹುಲಿಗಳ ಓಡಾಟ ತಿಳಿಯಿತು, ಆದರೆ ಕಾಲರ್ ಇಲ್ಲದ ಹುಲಿಗಳು ಎಷ್ಟು? ಅದೇ ದಶಕದ ಆರಂಭದಲ್ಲಿ ಕ್ಯಾಮೆರಾಗಳು ಈ ಕಾಡಿನ ದಾರಿಗೆ ಬಂದವು.

ಕ್ಯಾಮೆರಾ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಅಂತರಸಂತೆ ವಲಯದ ಒಂದು ಜೀಪು ದಾರಿ ಎನ್ನಿ. ದಾರಿಯ ಎಡಕ್ಕೊಂದು, ಬಲಕ್ಕೊಂದು ಗೂಟ; ಮನುಷ್ಯನ ಮೊಣಕಾಲಿನ ಎತ್ತರಕ್ಕೆ, ಅಂದರೆ ನಡೆಯುವ ಹುಲಿಯ ಪಕ್ಕೆಯ ಎತ್ತರಕ್ಕೆ, ಎರಡು ಪೆಟ್ಟಿಗೆ. ಎರಡು ಯಾಕೆಂದರೆ ಹುಲಿಯ ಎಡಮೈ ಪಟ್ಟೆ ಬಲಮೈಯಲ್ಲಿ ಇರುವುದಿಲ್ಲ. ಒಂದೇ ಬದಿ ಸಿಕ್ಕರೆ ಒಂದು ಹುಲಿಯನ್ನು ಎರಡೆಂದು ಎಣಿಸುವ ಅಪಾಯ ಇದ್ದೇ ಇದೆ. ಒಂದರ ಫ್ಲ್ಯಾಶ್ ಇನ್ನೊಂದರ ಕಣ್ಣಿಗೆ ನೇರ ಹೊಡೆಯದಂತೆ ಸ್ವಲ್ಪ ಓರೆಗೆ ಕೂರಿಸುತ್ತಾರೆ. ಮುಂದೆ ಅಲ್ಲಾಡುವ ಹುಲ್ಲು, ರೆಂಬೆ ಕತ್ತರಿಸುತ್ತಾರೆ. ಇಲ್ಲದಿದ್ದರೆ ಬಿಸಿಲಲ್ಲಿ ಹುಲ್ಲಿನ ಚಿತ್ರವೇ ಸಾವಿರ. ಎಲ್ಲ ಮುಗಿದ ಮೇಲೆ ಒಬ್ಬ ವಾಚರು ಅಂಗೈ ಮೊಣಕಾಲು ಊರಿ ನಾಲ್ಕು ಕಾಲಿನಲ್ಲಿ ಎರಡು ಪೆಟ್ಟಿಗೆಗಳ ನಡುವೆ ಹಾದುಹೋಗುತ್ತಾರೆ. ಕೆಂಪು ದೀಪ ಮಿನುಗಿದರೆ ಸರಿ. ಇನ್ನೊಬ್ಬರು ಸ್ಥಳದ ಸಂಖ್ಯೆ, ದಿನಾಂಕ ಬರೆದ ಹಲಗೆಯನ್ನು ಎದುರಿಗೆ ಹಿಡಿದು ಮೊದಲ ಚಿತ್ರ ತೆಗೆಸುತ್ತಾರೆ. ಆ ಹಲಗೆಯ ಚಿತ್ರ ಇಲ್ಲದಿದ್ದರೆ ಮುಂದೆ ಬರುವ ಹುಲಿಗೆ ಊರೂ ಇಲ್ಲ, ದಿನವೂ ಇಲ್ಲ. ಮೊದಲಿನ ಕಾಲದಲ್ಲಿ ಫಿಲ್ಮ್ ರೋಲು; ಮೂವತ್ತಾರು ಚಿತ್ರಕ್ಕೆ ಮುಗಿಯುತ್ತಿತ್ತು. ಒಂದು ಜಿಂಕೆ ಹಿಂಡು ಬಂದು ಎದುರು ಮೇಯತೊಡಗಿದರೆ ರಾತ್ರಿ ಬರುವ ಹುಲಿಗೆ ರೋಲು ಉಳಿಯುತ್ತಿರಲಿಲ್ಲ. ಈಗ ಬೆರಳುಗುರಿನಷ್ಟು ಚಿಕ್ಕ ಕಾರ್ಡಿನಲ್ಲಿ ಸಾವಿರಾರು ಚಿತ್ರ.

ಎಲ್ಲಿ ಕಟ್ಟುವುದು ಎಂಬುದೂ ಅಳತೆಯ ಭಾಗವೇ. ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಖರೀದಿದಾರ ಬೇಲಿನ ಎಲೆಗಳನ್ನೆಲ್ಲ ಬಿಚ್ಚಿ ನೋಡುವುದಿಲ್ಲ, ಒಂದು ಹಿಡಿ ಎಳೆದು ಬಣ್ಣ, ಮೈ ನೋಡಿ ಬೆಲೆ ಹಾಕುತ್ತಾನೆ. ಆದರೆ ಆ ಹಿಡಿಯನ್ನು ಮೇಲ್ಪದರದಿಂದ ಮಾತ್ರ ಎಳೆದರೆ ಕೆಟ್ಟ. ಹುಲಿ ಸುಲಭವಾಗಿ ಕಾಣುವ ಕಬಿನಿ ಹಿನ್ನೀರಿನ ಅಂಚಿಗೇ ಎಲ್ಲ ಕ್ಯಾಮೆರಾ ಕಟ್ಟಿ ಇಡೀ ಕಾಡಿನ ಲೆಕ್ಕ ಹೇಳಹೊರಟರೆ ಹಾಗೆಯೇ ಆಗುತ್ತದೆ. ಆದ್ದರಿಂದ ಕಾಡನ್ನು ಚೌಕಗಳಾಗಿ ವಿಭಾಗಿಸಿ ಎಲ್ಲ ಕಡೆಗೂ ಹಂಚುತ್ತಾರೆ.

ಚಿತ್ರಗಳು ಬಂದವು. ಇಪ್ಪತ್ತು ಬೇರೆ ಬೇರೆ ಹುಲಿಗಳ ಗುರುತು ಸಿಕ್ಕಿತು ಎಂದುಕೊಳ್ಳೋಣ. ಕಾಡಿನಲ್ಲಿರುವುದು ಇಪ್ಪತ್ತೇ? ಎರಡನೆಯ ಸುತ್ತು ನಡೆಸಿ. ಈ ಸಲ ಇಪ್ಪತ್ತೈದು ಸಿಕ್ಕವು, ಅವುಗಳಲ್ಲಿ ಹತ್ತು ಹಳೆಯ ಮುಖಗಳೇ. ಅಂದರೆ ಎರಡನೆಯ ಸುತ್ತಿನ ಹುಲಿಗಳಲ್ಲಿ ಹತ್ತರಲ್ಲಿ ನಾಲ್ಕು ಪಾಲು ಮೊದಲೇ ಗುರುತಾದವು. ಕಾಡಿನ ಒಟ್ಟು ಹುಲಿಗಳಲ್ಲೂ ಗುರುತಾದವುಗಳ ಪಾಲು ಅಷ್ಟೇ ಇರಬೇಕಲ್ಲ? ಇಪ್ಪತ್ತು ಎಂಬುದು ಹತ್ತರಲ್ಲಿ ನಾಲ್ಕು ಪಾಲಾದರೆ ಒಟ್ಟು ಐವತ್ತು. ಹಳೆಯ ಮುಖಗಳು ಮತ್ತೆ ಮತ್ತೆ ಬಂದಷ್ಟೂ ಕಾಣದೆ ಉಳಿದವು ಕಡಿಮೆ. ಪ್ರತಿ ಸಲ ಹೊಸ ಮುಖವೇ ಬರುತ್ತಿದ್ದರೆ ಕಾಡಿನೊಳಗೆ ಇನ್ನೂ ಬಹಳ ಇವೆ. ಫ್ರಾನ್ಸಿನ ಜನಸಂಖ್ಯೆಗೆ ಲಾಪ್ಲಾಸ್, ಡೆನ್ಮಾರ್ಕಿನ ಮೀನಿಗೆ ಪೀಟರ್ಸನ್, ಅಮೆರಿಕದ ಬಾತುಕೋಳಿಗೆ ಲಿಂಕನ್ ಬಳಸಿದ ಉಪಾಯ ಇದು. ಜೇಮ್ಸ್ ನಿಕೋಲ್ಸ್ ಎಂಬ ಅಮೆರಿಕದ ವನ್ಯಜೀವಿ ವಿಜ್ಞಾನಿಯ ನೆರವಿನಿಂದ ಕಾರಂತರು ಅದನ್ನು ನಾಗರಹೊಳೆಯ ಹುಲಿಪಟ್ಟೆಗೆ ಹೊಂದಿಸಿದರು. ಅದರ ಮೊದಲ ಪ್ರಬಂಧ 1995ರಲ್ಲಿ ಬಂತು. ಇಂದು ಹುಲಿ, ಚಿರತೆ, ಜಾಗ್ವಾರ್ ಎಣಿಸಲು ಜಗತ್ತಿನಾದ್ಯಂತ ನಡೆಯುವ ಕ್ರಮದ ಒಂದು ಬೇರು ಹುಣಸೂರು, ಕೋಟೆ ತಾಲ್ಲೂಕಿನ ಈ ಮಣ್ಣಿನಲ್ಲಿದೆ ಎಂಬುದು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಬೇಕಾದ ಸಂಗತಿ.

2006ರಲ್ಲಿ ಇಕಾಲಜಿ ಪತ್ರಿಕೆಯಲ್ಲಿ ಬಂದ ಕಾರಂತರ ತಂಡದ ಪ್ರಬಂಧ ನನ್ನ ಮಟ್ಟಿಗೆ ಈ ಕಾಡಿನ ಬಗ್ಗೆ ಬರೆದವುಗಳಲ್ಲಿ ಅತ್ಯಂತ ರೋಮಾಂಚಕ ಬರಹ. ಒಂಬತ್ತು ವರ್ಷ, 5,725 ಕ್ಯಾಮೆರಾ ರಾತ್ರಿ, ಪಟ್ಟೆಯಿಂದ ಗುರುತಿಸಿದ 74 ಹುಲಿ. ಅಧ್ಯಯನದ ಪ್ರದೇಶ ಒಂದೇ ಅಳತೆಯಲ್ಲಿದ್ದ ವರ್ಷಗಳಲ್ಲಿ ಹುಲಿಗಳ ಸಂಖ್ಯೆ 17ರಿಂದ 31ರ ನಡುವೆ ಏರಿಳಿದಿದೆ. ಆ ಅಂಕಿಗಳು ಒಂಟಿಯಾಗಿ ನಿಂತಿಲ್ಲ: 17, ಆಚೀಚೆ 1.7, 31, ಆಚೀಚೆ 2.1. ಇಷ್ಟು ತಿಳಿದಿದೆ, ಇಷ್ಟರ ಮಟ್ಟಿಗೆ ತಿಳಿದಿಲ್ಲ ಎಂದು ಎರಡನ್ನೂ ಅಳೆದು ಪಕ್ಕಪಕ್ಕಕ್ಕೆ ಇಟ್ಟಿದ್ದಾರೆ.

ಅದರಲ್ಲಿರುವ ಇನ್ನೊಂದು ಅಂಕಿಯ ಮುಂದೆ ನಾನು ಬಹಳ ಹೊತ್ತು ನಿಂತಿದ್ದೇನೆ: 0.77. ಈ ವರ್ಷ ನೂರು ಹುಲಿ ಇದ್ದರೆ ಮುಂದಿನ ವರ್ಷಕ್ಕೆ ಅವುಗಳಲ್ಲಿ 77 ಮಾತ್ರ ಇಲ್ಲಿರುತ್ತವೆ. ಉಳಿದವು ಕಾದಾಡಿ ಸತ್ತಿರುತ್ತವೆ, ಮುದಿಯಾಗಿ ಬಿದ್ದಿರುತ್ತವೆ, ಉರುಳಿಗೆ ಸಿಕ್ಕಿರುತ್ತವೆ ಅಥವಾ ಜಾಗ ಹುಡುಕಿಕೊಂಡು ಹೊರಟುಹೋಗಿರುತ್ತವೆ. ಇದು ಹುಲಿಗೆ ನೆಮ್ಮದಿಯಾಗಿದ್ದ ಕಾಡಿನ ಮಾತು. ನಾಲ್ಕರಲ್ಲಿ ಸುಮಾರು ಒಂದು ಪಾಲು ಪ್ರತಿ ವರ್ಷ ಕಳೆದುಹೋದರೂ ಒಟ್ಟು ಸಂಖ್ಯೆ ಕುಸಿಯಲಿಲ್ಲ, ವರ್ಷಕ್ಕೆ ಸರಾಸರಿ ನೂರಕ್ಕೆ ಮೂರರಂತೆ ಏರಿತು. ಯಾಕೆಂದರೆ ಮರಿಗಳು ಬೆಳೆದು ಆ ಜಾಗ ತುಂಬುತ್ತಲೇ ಇದ್ದವು. ಒಂದು ಹುಲಿ ಸತ್ತ ಸುದ್ದಿ ಬಂದಾಗ ನಮ್ಮ ಎದೆ ಒಡೆಯುತ್ತದೆ, ಒಡೆಯಲಿ. ಆದರೆ ಕಾಡು ಉಳಿದಿದೆಯೇ ಅಳಿದಿದೆಯೇ ಎಂದು ತಿಳಿಯಲು ಆ ಒಂದು ಸಾವು ಸಾಲದು. ಇಂಥ ಒಂಬತ್ತು ವರ್ಷದ ಸಾಲು ಬೇಕು.

ಮರಿಗಳು ಬೆಳೆಯುವುದು ಏನನ್ನು ತಿಂದು? ಒಂದು ಹುಲಿಗೆ ವರ್ಷಕ್ಕೆ ಸುಮಾರು ಐವತ್ತು ದೊಡ್ಡ ಪ್ರಾಣಿ ಬೇಕು. ಹುಲಿಗಳು ತಮ್ಮ ಮೇವಿನ ಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲೊಂದು ಪಾಲನ್ನು ತಿನ್ನುತ್ತವೆ ಎಂದು ಲೆಕ್ಕ ಇಟ್ಟರೆ, ಒಂದು ಹುಲಿಯ ಬೆನ್ನಿಗೆ ಐನೂರು ಜಿಂಕೆ ಕಡವೆ ಕಾಟಿ ಇರಬೇಕು. ಇದು ಊಹೆಯಾಗಿ ಹುಟ್ಟಿದ ಮಾದರಿ. ಸರಿಯೇ ಎಂದು ನೋಡಲು ದೇಶದ 11 ಕಡೆ ಹುಲಿಯನ್ನೂ ಮೇವಿನ ಪ್ರಾಣಿಯನ್ನೂ ಬೇರೆ ಬೇರೆಯಾಗಿ ಎಣಿಸಿದರು. ಮಾದರಿ ಹೇಳಿದ್ದಕ್ಕೂ ಕಾಡು ತೋರಿಸಿದ್ದಕ್ಕೂ ಹೊಂದಾಣಿಕೆಯಿತ್ತು. ಆ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮುಂಜಾನೆ ಮತ್ತಿ ಮರದ ಬುಡದಲ್ಲಿ ಬರೆದುಕೊಂಡ ಎಂಟು ಜಿಂಕೆಗೂ ಹುಲಿಯ ಭವಿಷ್ಯಕ್ಕೂ ಇರುವ ನಂಟು ಇದು. ಕೋವಿಯಾಗಲಿ ಉರುಳಾಗಲಿ ಜಿಂಕೆಯನ್ನು ಮುಗಿಸಿದರೆ, ಹುಲಿಯನ್ನು ಯಾರೂ ಮುಟ್ಟದಿದ್ದರೂ ಹುಲಿ ಇರುವುದಿಲ್ಲ.

ದೇಶದ ಗಣತಿಯೂ ಬದಲಾಯಿತು. 2006ರ ಸುತ್ತಿನಿಂದ ಹೆಜ್ಜೆ ಗಣತಿ ಹೋಗಿ ಕ್ಯಾಮೆರಾ ಬಂತು. ಆ ಸುತ್ತಿನಲ್ಲಿ ಸಿಕ್ಕ ಅಂಕಿ 1,411. 2022ರಲ್ಲಿ 3,682, ಕರ್ನಾಟಕದ ಪಾಲು 563, ನಾಗರಹೊಳೆಯ ಒಳಗೆ 141. ಪತ್ರಿಕೆಯ ತಲೆಬರಹದಲ್ಲಿ ಇವು ಬಿಡಿ ಅಂಕಿಗಳು. ವರದಿ ತೆರೆದರೆ 3,682 ಎಂಬುದು ನಡುವಿನ ಅಂದಾಜು, ಮೇಲಿನ ಮಿತಿ 3,925 ಎಂದು ಇದೆ. ಕ್ಯಾಮೆರಾ ಇಲ್ಲದ ವಿಶಾಲ ಪ್ರದೇಶಕ್ಕೆ ಲೆಕ್ಕವನ್ನು ಹೇಗೆ ಚಾಚುವುದು ಎಂಬ ಬಗ್ಗೆ ಸಂಶೋಧಕರ ನಡುವೆ ದೊಡ್ಡ ವಾದವೇ ನಡೆದಿದೆ. ಕಾರಂತರೂ ಅವರ ಜೊತೆಗಾರರೂ 2015ರಲ್ಲಿ ಅದರ ಗಣಿತವನ್ನು ಪ್ರಶ್ನಿಸಿ ಬರೆದರು. ಈ ಜಗಳ ನನಗೆ ಬೇಸರ ತರಿಸುವುದಿಲ್ಲ. ಹೆಜ್ಜೆ ಗಣತಿಯ ಮೂರು ದಶಕದಲ್ಲಿ ಇಂಥ ಜಗಳ ಇನ್ನಷ್ಟು ನಡೆದಿದ್ದರೆ ಸರಿಸ್ಕಾ ಬರಿದಾಗುವ ಮುನ್ನವೇ ಗೊತ್ತಾಗುತ್ತಿತ್ತು.

ಊರಂಚಿನಲ್ಲಿ ಇದೇ ಪಟ್ಟೆ ಇನ್ನೊಂದು ಕೆಲಸಕ್ಕೆ ಬರುತ್ತದೆ. ಹಸು ಹಿಡಿದ ಹುಲಿಯನ್ನು ಮೂರು ಹಳ್ಳಿಯವರು ಮೂರು ದಿನ ನೋಡುತ್ತಾರೆ. ಮೂರು ಹುಲಿ ಬಂದಿವೆ ಎಂಬ ಮಾತು ಹಬ್ಬುತ್ತದೆ. ಭಯ ಪಡುವುದರಲ್ಲಿ ತಪ್ಪಿಲ್ಲ, ಹಸು ಹೋದವರ ನಷ್ಟ ನಿಜವಾದದ್ದು. ಆಗ ಹೊಲದ ಬದುವಿಗೆ ಕ್ಯಾಮೆರಾ ಕಟ್ಟಿ, ಬಿದ್ದ ಚಿತ್ರವನ್ನು ಹಳೆಯ ಚಿತ್ರಗಳ ಜೊತೆ ಹೋಲಿಸುತ್ತಾರೆ. ಪಟ್ಟೆಯನ್ನು ಹುಲಿಯ ಮೈಯ ಮೂರು ಆಯಾಮದ ಆಕಾರದ ಮೇಲೆ ಹೊದಿಸಿ ಹೋಲಿಸುವ ಸಾಫ್ಟ್‌ವೇರ್ ಇದೆ. ನಡೆಯುವಾಗ ಚರ್ಮ ಸುಕ್ಕುಗಟ್ಟಿದರೂ, ಓರೆಯಿಂದ ತೆಗೆದರೂ ಹಿಡಿಯುತ್ತದೆ. ಆದರೆ ಕೊನೆಯ ತೀರ್ಮಾನ ಮನುಷ್ಯರ ಕಣ್ಣಿನದೇ. ಹೀಗೆ ಹೋಲಿಸಿದ್ದರಿಂದಲೇ, 2011ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಕಡೆ ಊರ ಬಳಿ ಸೆರೆಸಿಕ್ಕ ಗಂಡು ಹುಲಿ, ಹಿಂದೆ ಬಂಡೀಪುರದಲ್ಲಿ ಚಿತ್ರವಾದದ್ದೇ, ಸುಮಾರು 280 ಕಿಲೋಮೀಟರ್ ದಾಟಿ ಬಂದದ್ದು ಎಂದು ತಿಳಿಯಿತು.

ಸಂಜೆ ಕ್ಯಾಂಪಿನಲ್ಲಿ ಇಬ್ಬರು ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಾರೆ. ಪರದೆಯ ಮೇಲೆ ಹುಲಿಯ ಬಲಮೈ ಮಾತ್ರ. ಎದುರಿನ ಕ್ಯಾಮೆರಾ ಆ ರಾತ್ರಿ ತೆರೆದಿಲ್ಲ. ಭುಜದ ಹಿಂದೆ ಕವೆಯಾಗಿ ಸೀಳಿದ ಪಟ್ಟೆ, ಅದರ ಕೆಳಗೆ ಎರಡು ಗಿಡ್ಡ ಗೀಟು. ಹಳೆಯ ಚಿತ್ರಗಳಲ್ಲಿ ಹೋಲುವುದು ಸಿಗಲಿಲ್ಲ.

"ಹೊಸದು ಅನ್ಸುತ್ತೆ. ಸೇರಿಸಿಬಿಡೋಣ್ವಾ?"

"ಎಡಗಡೆ ಮಾತ್ರ ಸಿಕ್ಕಿರೋ ಹುಲಿ ಇನ್ನೊಂದೈತಲ್ಲ. ಅದೇ ಇದಾಗಿದ್ರೆ?"

ಹಾಗಾಗಿ ಅದಕ್ಕೆ ಹೊಸ ಸಂಖ್ಯೆ ಕೊಡಲಿಲ್ಲ. ಒಂದೇ ಬದಿಯ ಚಿತ್ರಗಳ ಕಡತಕ್ಕೆ ಹಾಕಿ, ಎದುರಿನ ಪೆಟ್ಟಿಗೆಯ ಬ್ಯಾಟರಿ ಬೆಳಿಗ್ಗೆಯೇ ಬದಲಿಸಬೇಕು ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಂಡರು.